ಹಗುರ ಡೆಸ್ಕ್‌ಟಾಪ್ ಒಂದೇ ಸಾಲದು

ಹಳೆಯ ಲ್ಯಾಪ್‌ಟಾಪಿಗೆ ಇರುವುದರಲ್ಲೇ ಅತಿ ಹಗುರವಾದ ಲಿನಕ್ಸ್ ಡೆಸ್ಕ್‌ಟಾಪ್ ಹಾಕಿದರೆ ಸಾಕು ಎಂಬ ಅಭಿಪ್ರಾಯ ಅರ್ಧಸತ್ಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಯಂತ್ರವನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಲಿನಕ್ಸಿಗೆ ಹೊರಳುವುದು ಸರಿಯೇ. ಎಡವಿರುವುದು ಅಳತೆಗೋಲಿನಲ್ಲಿ.

ಹಗುರ ಡೆಸ್ಕ್‌ಟಾಪ್‌ಗಳಾದ ಎಲ್‌ಎಕ್ಸ್‌ಕ್ಯೂಟಿ, ಎಕ್ಸ್‌ಎಫ್‌ಸಿಇಗಳಲ್ಲಿ ಒಂದರ ಬದಲು ಇನ್ನೊಂದನ್ನು ಆರಿಸಿ ಉಳಿಸುವ ಮೆಮೊರಿಯನ್ನು ಬ್ರೌಸರಿನ ಒಂದೆರಡು ಟ್ಯಾಬುಗಳೇ ನುಂಗಿಬಿಡುತ್ತವೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಿಗುವ ವೇಗವನ್ನು ಯಾವ ಡೆಸ್ಕ್‌ಟಾಪೂ ಕೊಡದು.

ಕೊಲ್ಲಮೊಗ್ರುವಿನಂಥ ಊರಿನಲ್ಲಿ ಪ್ರಶ್ನೆಯೇ ಬೇರೆ. ಅಡಿಕೆ ಲೆಕ್ಕ, ಸೊಸೈಟಿಗೊಂದು ಕನ್ನಡ ಅರ್ಜಿ: ಅಲ್ಲಿನ ಕೆಲಸ ಇಂಥದ್ದು. ಲಿನಕ್ಸಿನಲ್ಲಿ ಕನ್ನಡ ಟೈಪಿಸಲು ಬಳಸುವ ಐಬಸ್‌ನಲ್ಲಿ ಕೆಜಿಪಿ ಕೀಲಿವಿನ್ಯಾಸ ಸೇರಿಸಿಕೊಂಡರೆ ನುಡಿ ತಂತ್ರಾಂಶ ಬಳಸಿದ ಕೈಗೆ ಹೊಸ ಕಲಿಕೆ ಬೇಡ. ಆದರೆ ನುಡಿಯ ಹಳೆಯ ಆಸ್ಕಿ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಬರೀ ಗೋಜಲು, ಯುನಿಕೋಡಿಗೆ ಬದಲಿಸಲೇಬೇಕು. ಹಗುರತೆಯ ಜಪದಲ್ಲಿ ಇದರ ಸುದ್ದಿಯೇ ಇಲ್ಲ! ಕೆಲಸಕ್ಕೆ ತಕ್ಕ ವ್ಯವಸ್ಥೆಗೆ ಉದಾಹರಣೆಯಾಗಿ, ಗಡಿಯಾಚೆ ಕೇರಳದ ಶಾಲೆಗಳು ಕೈಟ್ ಸಂಸ್ಥೆಯ ಗ್ನೂ/ಲಿನಕ್ಸ್ ಬಳಸುತ್ತಿವೆ. ಅಲ್ಲಿ ಪಾಠಕ್ಕೆ ಬೇಕಾದ ತಂತ್ರಾಂಶಗಳು ವ್ಯವಸ್ಥೆಯ ಜೊತೆಗೇ ಬರುತ್ತವೆ.

64 ಬಿಟ್, 4 ಜಿಬಿ ರ್‍ಯಾಮ್ ಇದ್ದರೆ ಮಿಂಟ್ ಎಕ್ಸ್‌ಎಫ್‌ಸಿಇ ಸಾಕು. 2 ಜಿಬಿಗೆ ಲುಬುಂಟು ಸರಿ, ಟ್ಯಾಬುಗಳಿಗೆ ಕಡಿವಾಣವಿರಲಿ. 32 ಬಿಟ್ ಯಂತ್ರಕ್ಕೆ ಡೆಬಿಯನ್ ಕೂಡ 13ನೆಯ ಆವೃತ್ತಿಯಿಂದ ಅನುಸ್ಥಾಪಕ ಕೊಡುತ್ತಿಲ್ಲ. ಅಂಥ ಯಂತ್ರಕ್ಕೆ ಹಣ ಹಾಕುವುದು ವ್ಯರ್ಥ.