ಬರೀ ಒಂದು ಕಾಫಿ

ನಮ್ಮ ಕಡೆಯ ಯಾವ ಮದುವೆಗೆ ಹೋಗಲಿ, ಯಾವ ಗೃಹಪ್ರವೇಶಕ್ಕೆ ಹೋಗಲಿ, ಊಟ ಮುಗಿದು ಎಲೆಯಡಿಕೆ ಕೈಗೆ ಬರುವ ಹೊತ್ತಿಗೆ ಯಾರಾದರೊಬ್ಬ ಹಿರಿಯರು ಈ ಮಾತು ತೆಗೆಯುತ್ತಾರೆ: "ಕಾಲ ಕೆಟ್ಟುಹೋಯಿತು ಕಣ್ರೀ. ಹಿಂದೆ ನೆಂಟರೆಂದರೆ ಮನೆ ತುಂಬಿರುತ್ತಿತ್ತು. ಈಗಿನ ಹೆಂಗಸರಿಗೆ ಒಬ್ಬರು ಬಂದರೂ ತಲೆನೋವು." ಸುತ್ತ ಕೂತವರು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸುವವರಲ್ಲಿ ಹೆಂಗಸರೂ ಇರುತ್ತಾರಲ್ಲ, ಅದೇ ನನಗೆ ಹೆಚ್ಚಿನ ಬೇಸರ.

ಈ ದೂರಿನಲ್ಲಿ ಎರಡು ಸುಳ್ಳುಗಳಿವೆ. ನೆಂಟರು ಬರುವುದು ನಿಂತುಹೋಗಿದೆ ಎಂಬುದು ಒಂದು. ಮೈಸೂರಿನ ಸರಸ್ವತೀಪುರದಲ್ಲಿರುವ ನಮ್ಮ ಮನೆಯ ಹಜಾರವನ್ನು ಆಯುಧಪೂಜೆಯ ರಾತ್ರಿ ನೋಡಿದವರು ಈ ಮಾತು ಆಡಲಾರರು. ಕಾಲಿಡಲು ಜಾಗವಿಲ್ಲದಂತೆ ಚಾಪೆ ಹಾಸಿರುತ್ತದೆ. ಹಿಂದಿನ ಕಾಲದ ಹೆಂಗಸರಿಗೆ ಇದೆಲ್ಲ ತಲೆನೋವೇ ಆಗಿರಲಿಲ್ಲ ಎಂಬುದು ಇನ್ನೊಂದು ಸುಳ್ಳು. ಅವರನ್ನು ಯಾರು ಕೇಳಿದ್ದರು?

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಅಮ್ಮ 1966ರಲ್ಲಿ ಮದುವೆಯಾಗಿ ಮೈಸೂರಿಗೆ ಬಂದವರು. ಶಿವರಾಂಪೇಟೆಯ ಒಂದು ವಠಾರದಲ್ಲಿ ನಮ್ಮ ಮನೆ. ಜಂಬೂಸವಾರಿ ಹೋಗುವ ಸಯ್ಯಾಜಿರಾವ್ ರಸ್ತೆಗೆ ಅಲ್ಲಿಂದ ಕೂಗಳತೆಯ ದೂರ. ದಸರೆ ಬಂತೆಂದರೆ ಅಪ್ಪನ ಊರಿನವರು, ಅವರ ಅಕ್ಕಪಕ್ಕದವರು, ಅವರ ಜೊತೆಗೆ ಬಸ್ಸಿನಲ್ಲಿ ಪರಿಚಯವಾದವರೂ ನಮ್ಮ ಮನೆಗೇ ಇಳಿಯುತ್ತಿದ್ದರು. ವಿಜಯದಶಮಿಯ ಮಧ್ಯಾಹ್ನ ಎಲ್ಲರೂ ಹೊಸ ಬಟ್ಟೆ ಉಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದವರು ಅಮ್ಮ ಒಬ್ಬರೇ. ಅರಮನೆಯ ಕಡೆಯಿಂದ ಕುಶಾಲತೋಪಿನ ಸದ್ದು ಕೇಳಿಸಿದಾಗ ಅಮ್ಮನಿಗೆ ಅದು ಗಡಿಯಾರ. ಇನ್ನು ಇಷ್ಟು ಹೊತ್ತಿಗೆ ಜನ ಹಿಂದಿರುಗುತ್ತಾರೆ ಎಂದು ಲೆಕ್ಕ ಹಾಕಿ ಒಲೆಯ ಮೇಲೆ ಎಸರಿಡುತ್ತಿದ್ದರು. ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಕಾಲದಲ್ಲೂ ಅಮ್ಮ ಜಂಬೂಸವಾರಿ ನೋಡಲಿಲ್ಲ, ತಾಯಿ ಚಾಮುಂಡೇಶ್ವರಿಯನ್ನು ಕೂರಿಸಲು ತೊಡಗಿದ ಮೇಲೂ ನೋಡಲಿಲ್ಲ. 1997ರಲ್ಲಿ ತೀರಿಕೊಂಡರು. ದೇಶವಿದೇಶದಿಂದ ಜನ ಬಂದು ನೋಡುವುದನ್ನು, ಮೂವತ್ತೊಂದು ವರ್ಷ ಅದರ ಪಕ್ಕದಲ್ಲೇ ಬಾಳಿದವರು ಒಂದು ಸಲವೂ ಬೀದಿಯಲ್ಲಿ ನಿಂತು ನೋಡಲಿಲ್ಲ. "ನಿಮ್ಮಮ್ಮ ಅನ್ನಪೂರ್ಣೆ" ಎಂದು ಆ ನೆಂಟರು ಈಗಲೂ ಕೊಂಡಾಡುತ್ತಾರೆ. ಅನ್ನಪೂರ್ಣೆಯನ್ನು ಒಂದು ಗಂಟೆ ಹೊರಗೆ ಕರೆದುಕೊಂಡು ಹೋಗೋಣ ಎಂದು ಅವರಲ್ಲಿ ಒಬ್ಬರಿಗಾದರೂ ತೋಚಿತ್ತೇ?

ಇರಲಿ, ದಸರೆ ವರ್ಷಕ್ಕೊಮ್ಮೆ. ದಿನನಿತ್ಯದ ಮಾತಿಗೆ ಬರೋಣ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವಳು ನಾನು. ನನ್ನನ್ನು ಕೇಳಿದರೆ ನಮ್ಮ ಭಾಷೆಯಲ್ಲಿ 'ಬರೀ' ಎಂಬಷ್ಟು ಮೋಸದ ಪದ ಇನ್ನೊಂದಿಲ್ಲ. ಸಂಜೆ ಶಾಲೆಯಿಂದ ಬಂದು ಸೀರೆ ಬದಲಾಯಿಸುವಷ್ಟರಲ್ಲಿ ಕರೆಗಂಟೆ ಸದ್ದಾಗುತ್ತದೆ. "ಈ ಕಡೆ ಬಂದಿದ್ವಿ, ಹಾಗೇ ನೋಡ್ಕೊಂಡು ಹೋಗೋಣ ಅಂತ ಬಂದ್ವಿ. ಏನೂ ಬೇಡಮ್ಮ, ಬರೀ ಒಂದು ಕಾಫಿ ಸಾಕು." ಬೆಳಗಿನ ಡಿಕಾಕ್ಷನ್ ಆ ಹೊತ್ತಿಗೆ ಮುಗಿದಿರುತ್ತದೆ. ಫಿಲ್ಟರ್ ತೊಳೆಯಬೇಕು, ಪುಡಿ ಹಾಕಬೇಕು, ಕುದಿಯುವ ನೀರು ಸುರಿದು ಅದು ಹನಿಹನಿಯಾಗಿ ಇಳಿಯುವುದನ್ನು ಕಾಯಬೇಕು. ಹಾಲು ಸಾಲದಿದ್ದರೆ ಯಾರಾದರೂ ಬೂತಿಗೆ ಓಡಬೇಕು. ಬರೀ ಲೋಟ ತಂದಿಟ್ಟರೆ ನಾಳೆ ಅದೇ ಒಂದು ಸುದ್ದಿ. ಆದ್ದರಿಂದ ಉಪ್ಪಿಟ್ಟು. ಈರುಳ್ಳಿ ಹೆಚ್ಚಿ, ರವೆ ಬಾಣಲೆಗೆ ಹಾಕಿದಾಗ ಹಜಾರದಿಂದ ದನಿ ಬರುತ್ತದೆ: "ಯಾಕಮ್ಮ ಸುಮ್ಮನೆ ತೊಂದರೆ ತಗೋತೀಯ? ಬಾ, ಕೂತ್ಕೊ, ಮಾತಾಡೋಣ." ಹೋಗಿ ಕೂತರೆ ರವೆ ಸೀಯುತ್ತದೆ. ಕೂರದಿದ್ದರೆ "ಹೋಗಿದ್ದೆವು, ಅವಳು ಮುಖ ಕೊಟ್ಟು ಮಾತೇ ಆಡಲಿಲ್ಲ" ಎಂಬ ಮಾತು ಇಡೀ ಬಳಗಕ್ಕೆ ಹರಡುತ್ತದೆ. ಬಂದವರು ನನ್ನನ್ನು ನೋಡಲು ಬಂದರು, ನಾನು ರವೆಯನ್ನು ನೋಡುತ್ತ ನಿಂತೆ. ಇದಕ್ಕೆ ಆತಿಥ್ಯ ಎಂದು ಹೆಸರು.

'ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ' ಎಂದು ಗಾದೆಯಿದೆ. ಆ ಅಕ್ಕಿ ತೊಳೆದವರು ಯಾರೆಂದು ಗಾದೆ ಹೇಳುವುದಿಲ್ಲ.

ಒಂಬತ್ತನೆಯ ತರಗತಿಗೆ ಒಮ್ಮೆ 'ನಮ್ಮ ಮನೆಗೆ ನೆಂಟರು ಬಂದ ದಿನ' ಎಂದು ಪ್ರಬಂಧ ಕೊಟ್ಟಿದ್ದೆ. ತಿದ್ದುವಾಗ ಒಂದು ವಿಚಿತ್ರ ಕಂಡಿತು. ಹೆಚ್ಚುಕಡಿಮೆ ಎಲ್ಲ ಪುಸ್ತಕಗಳಲ್ಲೂ ಅಪ್ಪನಿಗೆ ಅರ್ಧ ಪುಟ. ಅಪ್ಪ ಬಸ್ ನಿಲ್ದಾಣದಿಂದ ಕರೆತಂದರು, ಮೃಗಾಲಯ ತೋರಿಸಿದರು, ಬೆಟ್ಟಕ್ಕೆ ಕರೆದೊಯ್ದರು, ಕನ್ನಂಬಾಡಿಯಲ್ಲಿ ಐಸ್‌ಕ್ರೀಮ್ ಕೊಡಿಸಿದರು. ಅಮ್ಮನಿಗೆ ಒಂದೇ ವಾಕ್ಯ: 'ಅಮ್ಮ ರುಚಿಯಾದ ಅಡುಗೆ ಮಾಡಿದ್ದರು.' ಒಬ್ಬ ಹುಡುಗಿ ಮಾತ್ರ ಕೊನೆಯ ಸಾಲಿನಲ್ಲಿ 'ನೆಂಟರು ಹೋದ ಮೇಲೆ ಅಮ್ಮ ಎರಡು ದಿನ ಮಲಗಿದರು' ಎಂದು ಬರೆದಿದ್ದಳು. ಕಾಗುಣಿತದ ತಪ್ಪು ನಾಲ್ಕಿದ್ದವು. ಹತ್ತಕ್ಕೆ ಒಂಬತ್ತು ಕೊಟ್ಟೆ.

ಹಿಂದಿನವರು ಹೇಗೆ ಮಾಡುತ್ತಿದ್ದರು ಎಂದು ಕೇಳುವವರು ವಠಾರಗಳನ್ನು ಮರೆತಿದ್ದಾರೆ. ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ. ನಮ್ಮ ಮನೆಗೆ ನೆಂಟರು ಬಂದರೆಂದರೆ ವಠಾರಕ್ಕೇ ಬಂದಂತೆ. ಎದುರು ಮನೆಯಿಂದ ಹಾಲು ಬರುತ್ತಿತ್ತು, ಮೂಲೆಮನೆಯ ಅಜ್ಜಿ ಸೊಪ್ಪು ಬಿಡಿಸಿಕೊಡುತ್ತಿದ್ದರು, ಹೆಚ್ಚಾದ ಗಂಡಸರು ಪಕ್ಕದವರ ಪಡಸಾಲೆಯಲ್ಲಿ ಮಲಗುತ್ತಿದ್ದರು. ಹೊರೆ ಹೆಂಗಸರ ತಲೆಯ ಮೇಲೆಯೇ ಇತ್ತು, ನಿಜ. ಆದರೆ ಎಂಟು ತಲೆಗಳ ಮೇಲೆ. ಈಗ ಬಡಾವಣೆಯ ಮನೆಗಳಿಗೆ ಸುತ್ತ ಕಾಂಪೌಂಡು, ಗೇಟಿಗೆ ಬೀಗ. ಪಕ್ಕದ ಮನೆಯಾಕೆಯೂ ನನ್ನಂತೆಯೇ ಬೆಳಿಗ್ಗೆ ಹೊರಟು ಸಂಜೆ ಬರುವವಳು. ಹಾಲು ಕೇಳಿದರೆ ಖಂಡಿತ ಕೊಡುತ್ತಾಳೆ, ಕೇಳಲು ಅವಳು ಮನೆಯಲ್ಲಿರಬೇಕಲ್ಲ. ಎಂಟು ಜನ ಹೊತ್ತದ್ದನ್ನು ಒಬ್ಬಳಿಗೆ ಹೊರಿಸಿ, ಅವಳ ಬೆನ್ನು ಬಾಗಿದರೆ ಮನಸ್ಸು ಸಣ್ಣದು ಎನ್ನುವುದು ಯಾವ ನ್ಯಾಯ?

ನೆರೆಹೊರೆಯ ಬಳಕೆಯೇ ಸತ್ತುಹೋಗಿದೆ ಎಂದು ನಾನು ಹೇಳುವುದಿಲ್ಲ. ನವರಾತ್ರಿಯಲ್ಲಿ ನಮ್ಮ ಬೀದಿಯ ಮಕ್ಕಳು ಮನೆಮನೆಗೆ ಬೊಂಬೆ ನೋಡಲು ಬರುತ್ತಾರೆ, ಚರುಪು ಇಸಿದುಕೊಂಡು ಓಡುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಂಗಸರು ಬಂದು ಅರಿಶಿನ ಕುಂಕುಮ ತೆಗೆದುಕೊಂಡು, ಹತ್ತು ನಿಮಿಷ ನಕ್ಕು, ಮುಂದಿನ ಮನೆಗೆ ಹೋಗುತ್ತಾರೆ. ಯಾರ ಬೆನ್ನೂ ಮುರಿಯುವುದಿಲ್ಲ, ಯಾರ ಮುಖವೂ ಬಾಡುವುದಿಲ್ಲ. ಹೆಂಗಸರು ತಾವೇ ರೂಢಿ ಮಾಡಿಕೊಂಡ ಭೇಟಿಗಳು ಹೀಗಿರುತ್ತವೆ ನೋಡಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರವೇ 2019ರಲ್ಲಿ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ, ಗಂಡಸು 97. ಗಂಡಸರ ಲೆಕ್ಕದಲ್ಲಿ ಸೇರಿರುವುದು ಮನೆಗೆಲಸಕ್ಕೆ ಕೈ ಹಾಕುವವರು ಮಾತ್ರ; ಕೈಯೇ ಹಾಕದವರನ್ನು ಈ ಸರಾಸರಿಗೆ ಹಿಡಿದಿಲ್ಲ. 2024ರಲ್ಲಿ ಮತ್ತೆ ಎಣಿಸಿದಾಗ ಹೆಂಗಸಿನದು 289ಕ್ಕೆ ಇಳಿದಿತ್ತು. ಆ ಹತ್ತು ನಿಮಿಷವನ್ನು ಗಂಡಸು ವಹಿಸಿಕೊಂಡನೇನೋ ಎಂದು ನೋಡಿದರೆ ಅವನದೂ 88ಕ್ಕೆ ಇಳಿದಿದೆ!

"ನಿನ್ನ ಕೈರುಚಿ ನನಗೆ ಬರುವುದಿಲ್ಲ" ಎನ್ನುವುದು ಗಂಡಸರ ಹಳೆಯ ಉತ್ತರ. ಇದಕ್ಕಿಂತ ನಯವಾದ ಹಗ್ಗ ಇನ್ನೊಂದಿಲ್ಲ. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದವರು. ಮೂವತ್ತು ವರ್ಷಕ್ಕೂ ಮೇಲೆ ಪೈಸೆ ತಪ್ಪದಂತೆ ಲೆಕ್ಕವಿಟ್ಟವರಿಗೆ ನಾಲ್ಕು ಚಮಚ ಕಾಫಿಪುಡಿ ಎಣಿಸಲು ಬರುವುದಿಲ್ಲವೆಂದರೆ ನಂಬಲು ನಾನೇನು ಒಂದನೇ ತರಗತಿಯ ಮಗುವೇ? ಈಗ ಎಣಿಸುತ್ತಾರೆ. ಕಾಫಿ ಸ್ವಲ್ಪ ಕಡು. ಸತ್ತವರು ಯಾರೂ ಇಲ್ಲ.

ಅವರು ಎಣಿಸುವುದನ್ನು ಕಲಿತದ್ದು ನನ್ನ ಸಂಜೆಯ ನಡಿಗೆಯಿಂದ. ಐದೂವರೆಗೆ ಕುಕ್ಕರಹಳ್ಳಿ ಕೆರೆಗೆ ಹೋಗಿ ಏಳಕ್ಕೆ ಮೊದಲು ಹಿಂದಿರುಗುವುದು ನನ್ನ ಅಭ್ಯಾಸ. ನೀರಿನಂಚಿನ ಮರಗಳ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತವೆ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಒಂದು ಸಂಜೆ ಬಂದು ಕೂತಿದ್ದ ನೆಂಟರಿಗೆ ನೀರು ಕೊಟ್ಟು, ಕ್ಷೇಮ ವಿಚಾರಿಸಿ, "ಇವರು ಕಾಫಿ ಮಾಡುತ್ತಾರೆ, ನಾನು ಕೆರೆ ಸುತ್ತಿ ಬರುತ್ತೇನೆ, ನೀವೂ ಬರುವುದಾದರೆ ಬನ್ನಿ" ಎಂದು ಹೇಳಿ ಹೊರಟೆ. ಬಳಗದಲ್ಲಿ ದೊಡ್ಡ ಗುಲ್ಲಾಯಿತು. ಮನೆಗೆ ಬಂದವರನ್ನು ಬಿಟ್ಟು ವಾಕಿಂಗ್ ಹೋದಳಂತೆ, ಏನು ಕೊಬ್ಬು! ನನ್ನ ಸಹೋದ್ಯೋಗಿಯೊಬ್ಬರು ಉಪಾಯ ಹೇಳಿಕೊಟ್ಟರು: "ಡಾಕ್ಟರು ದಿನಾ ನಡೀಲೇಬೇಕು ಅಂದಿದ್ದಾರೆ, ಷುಗರ್ ಇದೆ ಅಂತ ಹೇಳಿಬಿಡಿ ಮೇಡಮ್, ಯಾರೂ ಮಾತಾಡಲ್ಲ." ನನಗೆ ಷುಗರ್ ಇಲ್ಲ. ಹೆಂಗಸಿಗೆ ತನ್ನದೆಂಬ ಒಂದು ಗಂಟೆ ಸಿಗಬೇಕಾದರೆ ಮೊದಲು ಒಂದು ಕಾಯಿಲೆ ಸಂಪಾದಿಸಿಕೊಳ್ಳಬೇಕೆ? ಗಂಡಸರು ಸಂಜೆ ಹೋಟೆಲಿನ ಮುಂದೆ ನಿಂತು ಹರಟೆ ಹೊಡೆಯಲು ಯಾವ ಡಾಕ್ಟರ ಚೀಟಿ ಬೇಕಾಗಿದೆ?

ನೆಂಟರು ಬೇಡವೆಂದು ನಾನು ಹೇಳುತ್ತಿಲ್ಲ. 2020 ಮತ್ತು 2021ರಲ್ಲಿ ಕೊರೋನಾದಿಂದಾಗಿ ಜಂಬೂಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು, ನಮ್ಮ ಮನೆಗೂ ಯಾರೂ ಬರಲಿಲ್ಲ. ಹಜಾರ ಬಿಕೋ ಎನ್ನುತ್ತಿತ್ತು. ಚಾಪೆಗಳು ಅಟ್ಟದ ಮೇಲೆಯೇ ಉಳಿದವು. ಜನ ಬರಬೇಕು, ನಗಬೇಕು, ಹಳೆಯ ಜಗಳ ತೆಗೆದು ಮತ್ತೊಮ್ಮೆ ಆಡಬೇಕು. ಫೋನ್ ಮಾಡಿಯೇ ಬನ್ನಿ ಎಂಬ ಕಟ್ಟಳೆಯೂ ನನ್ನದಲ್ಲ. ಬಂದವರು ಇದ್ದದ್ದನ್ನು ತಿನ್ನಲಿ, ಮನೆಯಲ್ಲಿ ಇರುವವರು ಯಾರಾದರೂ ಮಾಡಿಕೊಡಲಿ, ಅಷ್ಟೆ.

ಹಾಗೆ ಬರುವವರೂ ಈಗ ಹೆಚ್ಚುತ್ತಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಅಂದಿನಿಂದ ನಮ್ಮ ಬೀದಿಯ ಗಂಡಸರಿಗೆ ಹೊಸದೊಂದು ದೂರು: "ಫ್ರೀ ಬಸ್ ಬಂದ ಮೇಲೆ ಹೆಂಗಸರು ಮನೇಲಿ ನಿಲ್ಲೋಲ್ಲ." ಮೊದಲು, ಈ ಹೆಂಗಸರಿಗೆ ನೆಂಟರಿಷ್ಟರು ಬೇಡ ಎಂದಿದ್ದವರೂ ಇವರೇ! ನನ್ನ ಚಿಕ್ಕಮ್ಮ ನಂಜನಗೂಡಿನವರು. ಮದುವೆಯಾದ ಮೇಲೆ ಯಾರ ಮನೆಗೆ ಹೋಗಬೇಕಾದರೂ ಚಿಕ್ಕಪ್ಪನ ಬಿಡುವು ನೋಡಿ, ಚಿಲ್ಲರೆಗೆ ಕೈ ಚಾಚಿ ಹೋದವರು. ಈಗ ಆಧಾರ್ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ತಾವೇ ಬಸ್ಸು ಹತ್ತುತ್ತಾರೆ. ಹನ್ನೊಂದಕ್ಕೆ ಬಂದರೆ ನೇರವಾಗಿ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಮಾತು ಶುರುಮಾಡುತ್ತಾರೆ. 'ಬರೀ' ಎಂಬ ಪದ ಅವರ ಬಾಯಲ್ಲಿ ಬರುವುದಿಲ್ಲ. "ಹಸಿವಾಗಿದೆ, ಏನಿದೆಯೇ?" ಎಂದು ಕೇಳುತ್ತಾರೆ, ನಿನ್ನೆಯ ಸಾರಿದ್ದರೆ ಅದನ್ನೇ ಬಿಸಿ ಮಾಡಿಕೊಂಡು ಉಣ್ಣುತ್ತಾರೆ, ನಾಲ್ಕು ಗಂಟೆಯ ಬಸ್ಸಿಗೆ ಹೊರಡುತ್ತಾರೆ. ಐವತ್ತು ವರ್ಷ ಬಂದವರಿಗೆ ಬಡಿಸಿದ ಹೆಂಗಸು ಈಗ ತಾನೇ ಬರುವವಳಾಗಿದ್ದಾಳೆ. ಇದನ್ನು ಕಂಡು ಯಾರಿಗಾದರೂ ಹೊಟ್ಟೆಯುರಿದರೆ ಮಜ್ಜಿಗೆ ಕುಡಿಯಲಿ.

ಮುಂದಿನ ವಿಜಯದಶಮಿಗೆ ಚಿಕ್ಕಮ್ಮ ಹಿಂದಿನ ದಿನವೇ ಬರುತ್ತಾರೆ. ಅವರೂ ಜಂಬೂಸವಾರಿಯನ್ನು ಟಿವಿಯಲ್ಲಿ ನೋಡಿದವರೇ. ಇಬ್ಬರೂ ಚಿತ್ರಾನ್ನದ ಡಬ್ಬಿ ಹಿಡಿದು ಬೆಳಿಗ್ಗೆಯೇ ಹೋಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿಯುವುದೆಂದು ಮಾತಾಗಿದೆ. ಮನೆಗೆ ಬರುವವರು ಧಾರಾಳವಾಗಿ ಬರಲಿ, ಬಾಗಿಲು ತೆಗೆಯಲು ನಮ್ಮವರಿರುತ್ತಾರೆ. ಕಾಫಿಪುಡಿಯ ಡಬ್ಬಿ ಒಲೆಯ ಎಡಗಡೆಯ ಅರೆಯಲ್ಲಿದೆ, ಹಾಲು ಫ್ರಿಜ್ಜಿನಲ್ಲಿ. ರವೆ ಹುರಿದಿಟ್ಟಿರುವುದಿಲ್ಲ.