ಮತಗಟ್ಟೆಯ ಹೊರಗೆ ನಿಂತವನ ಮಾತು



ಈಚೆಗೆ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ್ದ. "ಸಾರ್, ನಿಮ್ಮ ಪೀಳಿಗೆ 1977ರಲ್ಲಿ ಪ್ರಜಾಪ್ರಭುತ್ವವನ್ನು ಉಳಿಸಿತು. ಈಗ ನನ್ನ ಒಂದು ವೋಟಿನಿಂದ ಏನಾದೀತು? 2024ರಲ್ಲಿ ನಾನು ಹೋಗಲೇ ಇಲ್ಲ" ಎಂದ. ಎರಡು ಮಾತೂ ತಪ್ಪು. ಹೊಗಳಿಕೆಯೊಳಗಿನ ತಪ್ಪನ್ನೂ ತಿದ್ದುವುದು ಮೇಷ್ಟರ ಧರ್ಮ.

1977ರ ಮಾರ್ಚಿನಲ್ಲಿ ನನಗೆ 18 ತುಂಬಿತ್ತು, ಹಾಸನದಲ್ಲಿ ಓದುತ್ತಿದ್ದೆ. ಮತದಾನದ ವಯಸ್ಸು ಆಗ 21. ತುರ್ತು ಪರಿಸ್ಥಿತಿಯ ಬಿಗಿ ಸಡಿಲಗೊಂಡಿತ್ತು. ಭಾಷಣಗಳನ್ನು ಕೇಳಿದೆವು, ಘೋಷಣೆ ಕೂಗಿದೆವು. ಮತದಾನದ ದಿನ ತಂದೆಯವರೊಡನೆ ನಡೆದುಹೋಗಿ ಮತಗಟ್ಟೆಯ ಹೊರಗೆ ನಿಂತೆ. ಒಳಗೆ ಹೋದವರು ಅವರು. ಹಸು-ಕರುವಿಗೆ ಮುದ್ರೆ ಒತ್ತಿದರೋ ನೇಗಿಲು ಹೊತ್ತ ರೈತನಿಗೋ, ಕಡೆಯವರೆಗೂ ಹೇಳಲಿಲ್ಲ. ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರು ಸೋತ ಸುದ್ದಿ ರೇಡಿಯೋದಲ್ಲಿ ಬಂದಾಗ ನಾವು ಹುಡುಗರು ಕುಣಿದದ್ದು ನಿಜ. ಆದರೆ ಮದುವೆಯೂಟ ಉಂಡು ಬಂದವನು ಅಡುಗೆ ತನ್ನದೆನ್ನಬಹುದೇ?

ಇಡೀ ದೇಶ ಒಂದಾಗಿ ಎದ್ದಿತೆನ್ನುವುದೂ ಉತ್ಪ್ರೇಕ್ಷೆಯೇ. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ದಕ್ಕಿದವು. ಜನತಾ ಪಕ್ಷ ಗೆದ್ದದ್ದು ನಮ್ಮ ಹಾಸನ ಮತ್ತು ಬೆಂಗಳೂರು ದಕ್ಷಿಣ ಎರಡನ್ನೇ. ಉಳಿದವರು ತಿಳಿಗೇಡಿಗಳೆಂದು ನನ್ನ ಓರಗೆಯವರು ಇಂದಿಗೂ ಹಳಿಯುತ್ತಾರೆ, ನಾನು ಒಪ್ಪಲಾರೆ. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಉಳುವ ಹೊಲದ ಮೇಲೆ ಹಕ್ಕು ಕಂಡ ಗೇಣಿದಾರ ತನ್ನ ಬದುಕನ್ನು ಲೆಕ್ಕಹಾಕಿಯೇ ಮುದ್ರೆ ಒತ್ತಿದ. ಉತ್ತರದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗುರಿಯಾದವನೂ ಹಾಗೆಯೇ ತನ್ನ ಲೆಕ್ಕ ಹಾಕಿದ. ಅಕ್ಷರ ಬಾರದ ಎಷ್ಟೋ ಕೈಗಳು ಮಾಡಿದ ಈ ಲೆಕ್ಕವನ್ನು ಪದವೀಧರರಾದ ನೀವು ಅರ್ಧಕ್ಕೇ ಬಿಟ್ಟು ಏಳುತ್ತೀರಲ್ಲ, ಅದೇ ನನ್ನ ಆಕ್ಷೇಪ.

ಅಂದು ಬೆಂಗಳೂರು ದಕ್ಷಿಣದ ಮತದಾರರು ಕೆ.ಎಸ್. ಹೆಗ್ಡೆಯವರನ್ನು ಆರಿಸಿದರು. 1973ರಲ್ಲಿ ಸೇವಾಜ್ಯೇಷ್ಠತೆಯನ್ನು ಕಡೆಗಣಿಸಿದ್ದಕ್ಕಾಗಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದ ನ್ಯಾಯಮೂರ್ತಿ ಅವರು. ಅದೇ ಹೆಸರಿನ ಕ್ಷೇತ್ರದಲ್ಲಿ 2024ರಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ಮಂಡ್ಯದಲ್ಲಿ 81ಕ್ಕೂ ಹೆಚ್ಚು. ವಿದ್ಯೆ ಕಲಿಸಿದವನಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇಕೆ?

ಒಂದು ವೋಟಿನಿಂದ ಏನಾದೀತು ಎಂದೆಯಲ್ಲ, ಕೇಳು. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯ ಸೋಲು-ಗೆಲುವನ್ನು ತೀರ್ಮಾನಿಸಿದ್ದು ಒಂದೇ ಒಂದು ಮತ. ಯಾರೂ ಒಳ್ಳೆಯವರಲ್ಲ ಎಂಬ ನೆಪವೂ ಸಲ್ಲದು. 2013ರಿಂದ ನೋಟಾ ಗುಂಡಿ ಇದೆ. ಪಟ್ಟಿಯಿಂದ ಹೆಸರು ಬಿಟ್ಟುಹೋದವರ ಸಂಕಟ ಮಾತ್ರ ನಿಜವಾದದ್ದು. ಆದರೆ ಅದನ್ನು ಮೊದಲೇ ನೋಡಿಕೊಳ್ಳದೆ ಮತದಾನದ ದಿನ ಗೊಣಗುವುದು, ಹಾಲ್ ಟಿಕೆಟ್ ಮರೆತು ಪರೀಕ್ಷೆಗೆ ಬಂದ ಹಾಗೆ.

ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿ 1989ರಲ್ಲಿ ಜಾರಿಗೆ ಬಂತು. ನಾನು ಹೊರಗೆ ನಿಂತ ವಯಸ್ಸಿಗೇ ನಿಮಗೆ ಬಾಗಿಲು ತೆರೆಯಿತು. ಮುಂದೆ ಎಂದಾದರೂ ನಿಮ್ಮ ಮಕ್ಕಳು, "ಆಗ ನೀವು ಏನು ಮಾಡಿದಿರಿ?" ಎಂದು ಕೇಳಿಯಾರು. ವಯಸ್ಸಾಗಿರಲಿಲ್ಲ ಎಂಬ ಉತ್ತರ ನನಗಾದರೂ ಇದೆ. ನಿಮಗೆ?