ಖಾತೆ ಹಂಚಿಕೆ ಮತ್ತು ಹೊಳೆದಂಡೆಯ ಊರು

ಗಾಜನೂರು ಮತ್ತು ಭದ್ರಾ ಜಲಾಶಯಗಳಿಂದ ಹೆಚ್ಚು ನೀರು ಬಿಟ್ಟ ವರ್ಷ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯಲ್ಲಿರುವ ಉಕ್ಕಡಗಾತ್ರಿಯಲ್ಲಿ ಏನಾಗುತ್ತದೆಂದು ಈ ಭಾಗದವರಿಗೆಲ್ಲ ಗೊತ್ತು. ಫತ್ತೇಪುರದ ಕಡೆಯ ರಸ್ತೆ ಮುಳುಗುತ್ತದೆ. ಸ್ನಾನಘಟ್ಟಕ್ಕೆ ನೀರು ಏರುತ್ತದೆ, ಹೊಳೆದಂಡೆಯ ಅಂಗಡಿಗಳವರು ಸಾಮಾನು ಎತ್ತಿಕೊಳ್ಳುತ್ತಾರೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಬರುವ ಭಕ್ತರು ಸುತ್ತುಬಳಸಿ ಬರಬೇಕಾಗುತ್ತದೆ. ಈ ತೊಂದರೆಗೆ ಸರ್ಕಾರದಲ್ಲಿ ಉತ್ತರ ಕೊಡಬೇಕಾದವರು ಯಾರು? ಅಣೆಕಟ್ಟೆಯ ಗೇಟು ಜಲಸಂಪನ್ಮೂಲ ಇಲಾಖೆಯದು. ರಸ್ತೆ ಲೋಕೋಪಯೋಗಿಯವರದು ಇಲ್ಲವೇ ಪಂಚಾಯತ್ ರಾಜ್ ಇಲಾಖೆಯವರದು. ಬೆಳೆ ಹೋದರೆ, ಗೋಡೆ ಕುಸಿದರೆ ಪರಿಹಾರ ಕೊಡುವುದು ಕಂದಾಯ ಇಲಾಖೆ. ಇದೆಲ್ಲಕ್ಕೂ ಹಣ ಬಿಡುಗಡೆಯಾಗಬೇಕಾದದ್ದು ಹಣಕಾಸು ಇಲಾಖೆಯಿಂದ.

2018ರ ಕಾಂಗ್ರೆಸ್–ಜೆಡಿಎಸ್ ಸರ್ಕಾರದಲ್ಲಿ ಈ ಐದೂ ಖಾತೆಗಳು ಎಲ್ಲೆಲ್ಲಿದ್ದವು ನೋಡಿ. ಹಣಕಾಸು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರಲ್ಲಿ, ಲೋಕೋಪಯೋಗಿ ಎಚ್.ಡಿ. ರೇವಣ್ಣನವರಲ್ಲಿ, ಅಂದರೆ ಎರಡೂ ಜೆಡಿಎಸ್‌ನಲ್ಲಿ. ಜಲಸಂಪನ್ಮೂಲ ಡಿ.ಕೆ. ಶಿವಕುಮಾರ್, ಕಂದಾಯ ಆರ್.ವಿ. ದೇಶಪಾಂಡೆ, ಗ್ರಾಮೀಣಾಭಿವೃದ್ಧಿ ಕೃಷ್ಣ ಬೈರೇಗೌಡರ ಬಳಿ, ಮೂರೂ ಕಾಂಗ್ರೆಸ್‌ನಲ್ಲಿ. ಆಗ ಆ ರಸ್ತೆ ಮುಳುಗಿದ್ದು ಮೈತ್ರಿಯಿಂದಲೇ ಎಂದು ನಾನು ಹೇಳುತ್ತಿಲ್ಲ. ಅದು ಎಲ್ಲ ಸರ್ಕಾರಗಳ ಕಾಲದಲ್ಲೂ ಮುಳುಗಿದೆ. ನನ್ನ ಪ್ರಶ್ನೆ ಬೇರೆ. ಐದು ಇಲಾಖೆಗಳು ಕೂಡಿದರೆ ಮಾತ್ರ ಆಗುವ ಕೆಲಸ ಎರಡು ಪಕ್ಷಗಳ ನಡುವೆ ಹಂಚಿಹೋದಾಗ, ಆ ಹಂಚಿಕೆಯನ್ನು ಯಾವ ಆಧಾರದ ಮೇಲೆ ಮಾಡಿದರು?

ಲೆಕ್ಕದ ಮಟ್ಟಿಗೆ ಆಧಾರ ಸ್ಪಷ್ಟವಾಗಿಯೇ ಇತ್ತು. ಮೈತ್ರಿಯೊಳಗಿನ ಪಕ್ಷಗಳು ತಾವು ತಂದ ಸ್ಥಾನಗಳಿಗೆ ಸರಿಸುಮಾರು ಸಮನಾದ ಪಾಲನ್ನೇ ಅಧಿಕಾರದಲ್ಲಿ ಬಯಸುತ್ತವೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ 1961ರಲ್ಲೇ ಬರೆದಿದ್ದರು. ಯುರೋಪಿನ ಸಂಪುಟಗಳನ್ನು ಅಳೆದ ನಂತರದ ವಿದ್ವಾಂಸರಿಗೂ ಬಹುಮಟ್ಟಿಗೆ ಅದೇ ಕಂಡಿತು. ಕರ್ನಾಟಕಕ್ಕೂ ಅದು ಒಪ್ಪುತ್ತದೆ. 2018ರ ಮೇ ಫಲಿತಾಂಶದಲ್ಲಿ ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37 ಸ್ಥಾನ. ಇಬ್ಬರದೂ ಕೂಡಿದ ಬಲದಲ್ಲಿ ಕಾಂಗ್ರೆಸ್ ಪಾಲು ಶೇ 68. ಸಂವಿಧಾನದ 91ನೇ ತಿದ್ದುಪಡಿ ಸಚಿವರ ಸಂಖ್ಯೆಯನ್ನು ಸದನದ ಶೇ 15ಕ್ಕೆ ಕಟ್ಟಿಹಾಕಿರುವುದರಿಂದ ನಮ್ಮಲ್ಲಿ 34 ಸ್ಥಾನಗಳಷ್ಟೇ ಇವೆ. ಅದರಲ್ಲಿ ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ ಮುಖ್ಯಮಂತ್ರಿಯೂ ಸೇರಿ 12. ಶೇ 65 ಮತ್ತು 35. ಎರಡು ಪಕ್ಷಗಳ ನಡುವೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಕಷ್ಟ.

ಅಷ್ಟು ನ್ಯಾಯವಾಗಿ ಹಂಚಿಕೊಂಡ ಸರ್ಕಾರ ಹದಿನಾಲ್ಕು ತಿಂಗಳಲ್ಲಿ, 2019ರ ಜುಲೈ 23ರಂದು, 99–105 ಮತಗಳಿಂದ ಬಿತ್ತು. ಯಾಕೆ ಬಿತ್ತೆಂಬುದನ್ನು ತಿಳಿಯಲು ವಿಧಾನಸೌಧದವರೆಗೆ ಹೋಗಬೇಕಿಲ್ಲ, ಹೊಳೆಯ ಈಚೆ ದಡದ ಹರಿಹರ, ಆಚೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಮತ್ತು ಹಿರೇಕೆರೂರು, ಈ ಮೂರು ಕ್ಷೇತ್ರಗಳನ್ನು ನೋಡಿದರೆ ಸಾಕು.

ರಾಣೆಬೆನ್ನೂರಿನಿಂದ ಗೆದ್ದ ಆರ್. ಶಂಕರ್ ಕೆಪಿಜೆಪಿ ಎಂಬ ಸಣ್ಣ ಪಕ್ಷದ ಒಬ್ಬನೇ ಶಾಸಕ. 2018ರ ಜೂನ್‌ನಲ್ಲಿ ಅವರು ಅರಣ್ಯ ಸಚಿವರಾದರು, ಡಿಸೆಂಬರ್‌ನ ಸಂಪುಟ ವಿಸ್ತರಣೆಯಲ್ಲಿ ಸ್ಥಾನ ಕಳೆದುಕೊಂಡರು, 2019ರ ಜೂನ್ 14ರಂದು ಮತ್ತೆ ಪ್ರಮಾಣವಚನ ಸ್ವೀಕರಿಸಿದರು, ಒಂದು ತಿಂಗಳು ತುಂಬುವ ಮೊದಲೇ ಜುಲೈ 8ರಂದು ರಾಜೀನಾಮೆ ಕೊಟ್ಟು ಬೆಂಬಲ ಹಿಂತೆಗೆದರು. ಹಿರೇಕೆರೂರಿನ ಬಿ.ಸಿ. ಪಾಟೀಲರು ಹಾವೇರಿ ಜಿಲ್ಲೆಯಲ್ಲಿ ಆ ಸಲ ಗೆದ್ದ ಏಕೈಕ ಕಾಂಗ್ರೆಸ್ ಶಾಸಕ. ಜಿಲ್ಲೆಯ ಪಾಲಿನ ಮಂತ್ರಿಗಿರಿ ಪಕ್ಕದ ಕ್ಷೇತ್ರಕ್ಕೆ ಹೋಯಿತು. ಅಸಮಾಧಾನವನ್ನು ಅವರು ಮುಚ್ಚಿಡಲಿಲ್ಲ. 2019ರ ಜುಲೈನಲ್ಲಿ ಪಕ್ಷ ಬಿಟ್ಟರು, ಬಿಜೆಪಿಯಿಂದ ಉಪಚುನಾವಣೆ ಗೆದ್ದು 2020ರ ಫೆಬ್ರುವರಿಯಲ್ಲಿ ಯಡಿಯೂರಪ್ಪನವರ ಸಂಪುಟ ಸೇರಿದರು. ಹರಿಹರದ ಎಸ್. ರಾಮಪ್ಪ ಪಕ್ಷ ಬಿಡದೆ ಕೊನೆಯವರೆಗೂ ನಿಂತರು. ಅವರಿಗೆ ಸಂಪುಟದಲ್ಲಿ ಸ್ಥಾನ ಬರಲೇ ಇಲ್ಲ.

ಈ ಮೂವರನ್ನು ಸಜ್ಜನ ದುರ್ಜನ ಎಂದು ವಿಂಗಡಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಇಲ್ಲಿ ಕಾಣಬೇಕಾದದ್ದು ಒಂದು ಪದ್ಧತಿ. ಮಂತ್ರಿಗಿರಿ ಸರ್ಕಾರವನ್ನು ಹಿಡಿದಿಡುವ ಅಂಟು ಎಂದು ನಂಬಿ ಸಂಪುಟ ಕಟ್ಟಿದರು. ಪಡೆದವರನ್ನೂ ಅದು ಹಿಡಿದಿಡಲಿಲ್ಲ, ಪಡೆಯದವರನ್ನು ಹಿಡಿದಿಡುವ ಪ್ರಶ್ನೆಯೇ ಇರಲಿಲ್ಲ. ಅತೃಪ್ತರು ಕೇಳುತ್ತ ಹೋದರು, ನಾಯಕರು ಸ್ಥಾನ ಖಾಲಿ ಮಾಡಿಸುತ್ತ ತುಂಬಿಸುತ್ತ ಹೋದರು. ನಿಷ್ಠೆಗೆ ಬೆಲೆಯಿಲ್ಲ, ಬೆದರಿಕೆಗೆ ಇದೆ ಎಂಬ ಪಾಠವನ್ನು ಆ ಸಂಪುಟದ ರಚನೆಯೇ ಎಲ್ಲ ಶಾಸಕರಿಗೂ ಕಲಿಸಿತು.

ಇದಕ್ಕೆ ಮದ್ದಾಗಿ ದಾವಣಗೆರೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು, ಜಿಲ್ಲೆಗೊಬ್ಬ ಮಂತ್ರಿ ಬೇಕು ಎಂಬುದು. ಆ ಬೇಡಿಕೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗಲೇ 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ನಮ್ಮವರೊಬ್ಬರು ಮೇಲಿದ್ದರೆ ಏನಾಗಬಹುದೆಂದು ಈ ಸೀಮೆ ಕಂಡುಂಡಿದೆ. ಮೈತ್ರಿ ಕಾಲದಲ್ಲಿ ಜಿಲ್ಲಾ ಉಸ್ತುವಾರಿಗೆ ಗುಬ್ಬಿಯ ಎಸ್.ಆರ್. ಶ್ರೀನಿವಾಸ್ ಬಂದರು. ಆದರೆ ಹೀಗೆ ಹೊರಗಿನವರು ಉಸ್ತುವಾರಿಗೆ ಬರುವುದನ್ನು ಮೈತ್ರಿಯ ಕಾಯಿಲೆ ಎನ್ನುವಂತಿಲ್ಲ. ಆಮೇಲೆ ಬಂದ ಬಿಜೆಪಿ ಸರ್ಕಾರದಲ್ಲಿ ಇದೇ ಜಿಲ್ಲೆಯಿಂದ ಆ ಪಕ್ಷದ ಐವರು ಶಾಸಕರಿದ್ದರೂ 2023ರವರೆಗೆ ಒಬ್ಬರೂ ಮಂತ್ರಿಯಾಗಲಿಲ್ಲ. ಪಕ್ಷಾಂತರ ಮಾಡಿ ಬಂದವರಿಗೆ ಸ್ಥಾನ ಕೊಡಬೇಕಿತ್ತು. ಉಸ್ತುವಾರಿಗೆ ಬೆಂಗಳೂರಿನ ಕೆ.ಆರ್. ಪುರದ ಬೈರತಿ ಬಸವರಾಜ್ ಬಂದರು.

2018ರಲ್ಲಿ ರಾಜ್ಯದಲ್ಲಿ 30 ಜಿಲ್ಲೆಗಳು, ಸಂಪುಟದಲ್ಲಿ 34 ಸ್ಥಾನಗಳು. ಲೆಕ್ಕಕ್ಕೆ ಕೂರುತ್ತದೆ. ಆದರೂ ಜಿಲ್ಲೆಗೊಬ್ಬರೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ ಎನ್ನುತ್ತದೆ ಸಂವಿಧಾನದ 164ನೇ ವಿಧಿ. ಜಿಲ್ಲೆಗೊಬ್ಬರನ್ನು ಕೂರಿಸಿದರೆ ಪ್ರತಿಯೊಬ್ಬರೂ ತಮ್ಮ ಜಿಲ್ಲೆಯ ವಕೀಲರಾಗುತ್ತಾರೆ, ಇಡೀ ರಾಜ್ಯದ ನೀರಾವರಿಯನ್ನೋ ಶಾಲೆಗಳನ್ನೋ ನೋಡುವವರು ಉಳಿಯುವುದಿಲ್ಲ. ಅದೂ ಅಲ್ಲದೆ ಜಾತಿ, ಜಿಲ್ಲೆ, ಬಣ ಎಂದು ತೂಗಿ ತೂಗಿ ಮಾಡುವ ಸಂಪುಟದಲ್ಲಿ ಬಿಟ್ಟುಹೋಗುವವರು ಯಾರೆಂಬುದನ್ನೂ ನೋಡಬೇಕು. 2018ರ ಜೂನ್ 6ರಂದು ವಿಸ್ತರಣೆ ಮುಗಿದಾಗ ಒಟ್ಟು 27 ಸಚಿವರಲ್ಲಿ ಮಹಿಳೆ ಒಬ್ಬರೇ, ಜಯಮಾಲಾ. ರಾಜ್ಯದ ಅರ್ಧ ಜನರ ಪರವಾಗಿ ಯಾವ ಬಣವೂ ಪಟ್ಟು ಹಿಡಿದಿರಲಿಲ್ಲ.

ಹಾಗಾದರೆ ಮೈತ್ರಿಯೇ ಬೇಡವೆ? ಹರಿಹರದ ಮತದಾರರನ್ನು ನೋಡಿ. 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ. ಯಾರಿಗೂ ಕ್ಷೇತ್ರವನ್ನು ಬರೆದುಕೊಡದ ಜನ ಇವರು. ಇಂಥ ಜನರಿರುವ ರಾಜ್ಯದಲ್ಲಿ ಆಗಾಗ ಅತಂತ್ರ ವಿಧಾನಸಭೆ ಬಂದೇ ಬರುತ್ತದೆ. 2004ರಲ್ಲಿ ಬಂತು, 2018ರಲ್ಲಿ ಬಂತು. ಅದು ಜನರು ಕೊಟ್ಟ ತೀರ್ಪು. ಕೂಡಿ ಆಳಿ ಎಂದು ಜನ ಹೇಳಿದಾಗ ಕೂಡಿ ಆಳುವ ವಿದ್ಯೆಯನ್ನು ಪಕ್ಷಗಳು ಕಲಿಯಬೇಕು.

ಆ ವಿದ್ಯೆಯಲ್ಲಿ ನಾವು ತಪ್ಪಿದ್ದು ಅನುಕ್ರಮದಲ್ಲಿ. ಕುಮಾರಸ್ವಾಮಿಯವರ ಪ್ರಮಾಣವಚನ 2018ರ ಮೇ 23ಕ್ಕೆ ಆಯಿತು. ಮುಂದಿನ ಎರಡು ವಾರ ಪತ್ರಿಕೆಗಳು ‘ಖಾತೆ ಕ್ಯಾತೆ’ ಎಂದು ಕರೆದ ಜಗ್ಗಾಟದಲ್ಲೇ ಹೋಯಿತು. ಹಣಕಾಸು ಯಾರಿಗೆ ಎಂಬುದೇ ದೊಡ್ಡ ತಕರಾರು. ಜೂನ್ 1ರಂದು ಖಾತೆ ಒಪ್ಪಂದ ಪ್ರಕಟವಾಯಿತು, 6ರಂದು ಸಚಿವರು ಬಂದರು. ಸಾಮಾನ್ಯ ಕನಿಷ್ಠ ಕಾರ್ಯಕ್ರಮ ಬರೆಯಲು ವೀರಪ್ಪ ಮೊಯಿಲಿಯವರ ಸಮಿತಿ ನೇಮಕವಾದದ್ದು ಅದಾದ ಮೇಲೆ. ಏನು ಮಾಡಬೇಕೆಂದು ತೀರ್ಮಾನಿಸುವ ಮೊದಲೇ ಯಾರು ಮಾಡಬೇಕೆಂದು ತೀರ್ಮಾನವಾಗಿತ್ತು. ಹೀಗಾದಾಗ ಖಾತೆ ಒಂದು ಹೊಣೆಯಾಗಿ ಉಳಿಯುವುದಿಲ್ಲ, ಫಲವತ್ತಾದದ್ದು, ಬರಡಾದದ್ದು ಎಂದು ವಿಂಗಡಿಸುವ ಆಸ್ತಿಯಾಗುತ್ತದೆ. ಉನ್ನತ ಶಿಕ್ಷಣದಂಥ ಖಾತೆ ಸಿಕ್ಕಿದ್ದಕ್ಕೆ ಜಿ.ಟಿ. ದೇವೇಗೌಡರು ಬಹಿರಂಗವಾಗಿಯೇ ಬೇಸರಗೊಂಡರು.

ಅದೇ ವರ್ಷ ಜರ್ಮನಿಯಲ್ಲೂ ಮೈತ್ರಿ ಸರ್ಕಾರವೇ ಬಂತು. 2017ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಮುಗಿದರೂ 2018ರ ಮಾರ್ಚ್‌ವರೆಗೆ ಹೊಸ ಸಂಪುಟ ಬರಲಿಲ್ಲ. ಅಲ್ಲಿಯವರೆಗೆ ಪಕ್ಷಗಳು ಕೂತು 170 ಪುಟ ಮೀರಿದ ಒಪ್ಪಂದ ಬರೆದವು. ಯಾವ ಖಾತೆ ಯಾವ ಪಕ್ಷಕ್ಕೆ ಎಂಬುದು ಅದರ ಕೊನೆಯ ಭಾಗದಲ್ಲಿತ್ತು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಅದನ್ನು ತನ್ನ ಸದಸ್ಯರ ಮತಕ್ಕೂ ಹಾಕಿತು. ನಮ್ಮಲ್ಲಿ ಅಷ್ಟು ತಿಂಗಳು ಕಾಯಲಾಗದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಯಡಿಯೂರಪ್ಪನವರ ಮೂರು ದಿನದ ಸರ್ಕಾರ ಬಿದ್ದ ಬೆನ್ನಿಗೆ, ಶಾಸಕರನ್ನು ರೆಸಾರ್ಟಿನಲ್ಲಿ ಕಾದುಕೊಂಡಿದ್ದ ಪಕ್ಷಗಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಆದರೆ ಆ ಎರಡು ವಾರ ಇದ್ದೇ ಇತ್ತಲ್ಲ. ವಿಶ್ವಾಸಮತ ಮೇ 25ಕ್ಕೆ ಮುಗಿದಿತ್ತು. ಹಣಕಾಸಿಗಾಗಿ ಕಳೆದ ದಿನಗಳಲ್ಲಿ ಹತ್ತು ಪುಟದ ಕಾರ್ಯಕ್ರಮ ಬರೆಯಬಹುದಿತ್ತು.

ಮುಂದೆ ಕರ್ನಾಟಕದಲ್ಲಿ ಮತ್ತೊಂದು ಮೈತ್ರಿ ಬಂದರೆ, ಕಾರ್ಯಕ್ರಮ ಮೊದಲು ಅಚ್ಚಾಗಲಿ, ವಿಶ್ವಾಸಮತದ ದಿನವೇ ಸದನದ ಮುಂದೆ ಬರಲಿ. ಪಾಲು 22–12 ಇರಲಿ, ಮತ್ತೊಂದಿರಲಿ, ಸಂಖ್ಯೆಯ ನ್ಯಾಯಕ್ಕೆ ನನ್ನ ತಕರಾರಿಲ್ಲ. ಆದರೆ ಒಂದೇ ಕೆಲಸಕ್ಕೆ ಬೇಕಾದ ಖಾತೆಗಳನ್ನು ಆದಷ್ಟು ಒಂದೇ ಪಕ್ಷಕ್ಕೆ ಕೊಡಲಿ. ಆಗದಿದ್ದರೆ ಆ ಸಚಿವರೆಲ್ಲ ಇರುವ ಸಂಪುಟ ಉಪಸಮಿತಿಯನ್ನು ಖಾತೆ ಹಂಚುವ ದಿನವೇ ಮಾಡಲಿ, ಹಣ ಮಂಜೂರು ಮಾಡುವ ಅಧಿಕಾರವನ್ನೂ ಅದಕ್ಕೆ ಕೊಡಲಿ. ತುಂಗಭದ್ರೆಯ ನೆರೆಗೆ ಅಂಥದೊಂದು ಉಪಸಮಿತಿ ಇದ್ದರೆ, ಗೇಟು ತೆಗೆಯುವ ಇಲಾಖೆ, ರಸ್ತೆ ಎತ್ತರಿಸುವ ಇಲಾಖೆ, ಪರಿಹಾರ ಕೊಡುವ ಇಲಾಖೆ ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ. ಉಕ್ಕಡಗಾತ್ರಿಯ ಗ್ರಾಮ ಪಂಚಾಯಿತಿ ಸದಸ್ಯರು ಫತ್ತೇಪುರ ರಸ್ತೆಯ ಅರ್ಜಿಯನ್ನು ಐದು ಕಚೇರಿಗೆ ಒಯ್ಯುವ ಬದಲು ಅಲ್ಲಿಗೇ ಒಯ್ಯಬಹುದು.